ಮೂರನೇ ಮಂಚ

ಕಳೆದ ವರ್ಷ ಫಸ್ಟ್ ಸೆಮ್ ಶುರುವಾಗಿ ಮೂರು ವಾರ ಆಗಿತ್ತು. ಒಂದು ಭಾನುವಾರ ಬೆಳಿಗ್ಗೆ ಪಿಜಿ ಓನರ್ ಅಂಕಲ್ ಇಬ್ಬರು ಕೆಲಸದವರನ್ನು ಕರೆದುಕೊಂಡು ನಮ್ಮ ರೂಮಿಗೆ ಬಂದರು. ಕಿಟಕಿ ಪಕ್ಕ ಇದ್ದ ಓದೋ ಟೇಬಲ್ ಹೊರಗೆ ಹೋಯಿತು, ಅದೇ ಜಾಗಕ್ಕೆ ಒಂದು ಕಬ್ಬಿಣದ ಮಂಚ ಬಂತು. "ಹೊಸ ಹುಡುಗ ಬರ್ತಾನೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಪ್ಪ" ಅಂದರು. ಅಡ್ಜಸ್ಟ್ ಅನ್ನೋದು ಇಂಗ್ಲಿಷ್ ಪದ ಅಂತ ಬೆಂಗಳೂರಿನಲ್ಲಿ ಯಾರಿಗೂ ನೆನಪಿಲ್ಲ ಅನಿಸುತ್ತೆ. ನಾವೂ ಅಡ್ಜಸ್ಟ್ ಮಾಡ್ಕೊಂಡ್ವಿ. ಸೆಮ್ ಮುಗಿಯೋ ಹೊತ್ತಿಗೆ ಮೂವರಲ್ಲಿ ಒಬ್ಬನಿಗೆ ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿತ್ತು. ಅವನು ಯಾಕೆ ಹಾಗಾದ ಅಂತ ಅದೇ ರೂಮಲ್ಲಿ ಮಲಗಿ ಏಳ್ತಿದ್ದ ನಮಗೇ ಗೊತ್ತಿರಲಿಲ್ಲ.

ಈ ಲೇಖನ ಬರೆಯೋದಕ್ಕೆ ಕಾರಣ ಅದು. ಬರೀತಿರೋ ಕೈ ಒಂದೇ ಆದರೂ "ನಾವು" ಅಂತಲೇ ಬರೀತೀವಿ, ಯಾಕಂದ್ರೆ ಲೆಕ್ಕ ಹಾಕಿದ್ದೂ ಇಬ್ಬರು, ತಪ್ಪು ಮಾಡಿದ್ದೂ ಇಬ್ಬರು. ಒಬ್ಬ ಹಾಸನದವನು, ಇನ್ನೊಬ್ಬ ಗದಗದವನು, ಇಬ್ಬರೂ ಸಿಎಸ್. ಮೂರನೇ ಮಂಚಕ್ಕೆ ಬಂದವನು ಶಿರಸಿ ಕಡೆಯವನು, ಸಿವಿಲ್. (ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಕೈ ಇದು. ಒತ್ತಕ್ಷರ ತಪ್ಪಿದ್ರೆ ಬೈಕೊಂಡು ಮುಂದೆ ಓದಿ.)

ಮೊದಲು ದುಡ್ಡಿನ ಲೆಕ್ಕ ನೋಡೋಣ, ಅದು ಸುಲಭ. ನಮ್ಮ ಪಿಜಿಯಲ್ಲಿ ಟೂ ಶೇರಿಂಗ್ ಅಂದ್ರೆ ತಲೆಗೆ 10,000, ತ್ರೀ ಶೇರಿಂಗ್ ಅಂದ್ರೆ 7,500. ಇಬ್ಬರಿದ್ದರೆ ರೂಮಿನಿಂದ 20,000 ಬರುತ್ತೆ, ಮೂವರಿದ್ದರೆ 22,500. ಒಂದು ಮಂಚ ಹಾಕಿದ್ದಕ್ಕೆ ತಿಂಗಳಿಗೆ 2,500 ಜಾಸ್ತಿ. ನಮಗೂ ಮನೆಗೆ ಫೋನ್ ಮಾಡಿ "ಅಪ್ಪ, ಬಾಡಿಗೆ ಕಮ್ಮಿ ಆಯ್ತು" ಅಂತ ಹೇಳೋಕೆ ಖುಷಿಯಾಗಿತ್ತು ಅನ್ನೋದನ್ನು ಮುಚ್ಚಿಡಲ್ಲ. ಆದ್ದರಿಂದ ಓನರ್ ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ. ಇಕ್ಕಟ್ಟು ಅನ್ನೋದು ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ಲಾಭ ಕೊಟ್ಟೇ ಒಳಗೆ ಬರುತ್ತೆ.

ಆಮೇಲೆ ಅಳತೆ. ಸಿವಿಲ್ ಹುಡುಗನ ಟೇಪಿನಲ್ಲೇ ಅಳೆದ್ವಿ: 10 ಅಡಿ ಅಗಲ, 12 ಅಡಿ ಉದ್ದ. 120 ಚದರ ಅಡಿ, ತಲೆಗೆ 40. ಬೆಂಗಳೂರಿನ ಪಿಜಿಗಳಿಗೆ ಆಗಿನ ಬಿಬಿಎಂಪಿ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ವಾಸದ ಜಾಗ ಇರಬೇಕು, ದಿನಕ್ಕೆ 135 ಲೀಟರ್ ನೀರು ಇರಬೇಕು ಅಂತ ಇದೆ. 120ನ್ನು 70ರಿಂದ ಭಾಗಿಸಿದರೆ ಒಂದೂ ಮುಕ್ಕಾಲು ಜನ ಬರುತ್ತೆ. ಅಂದ್ರೆ ನಾವು ಇಬ್ಬರೇ ಇದ್ದಾಗಲೂ ಕಾಲು ಜನ ಹೆಚ್ಚಾಗಿದ್ವಿ! ಆ ಕಾಲು ಯಾರು ಅಂತ ಒಂದು ವಾರ ಜಗಳ ಆಡಿದ್ದೂ ಆಯಿತು. ನೀರಿನ ಬಗ್ಗೆ ಬರೆಯಲ್ಲ, ಬೆಳಿಗ್ಗೆ ಎಂಟರ ಮೇಲೆ ಬಕೆಟ್ ಹಿಡ್ಕೊಂಡು ನಿಂತವರಿಗೆ ಗೊತ್ತು.

ಆದರೆ ಚದರ ಅಡಿ ಪೂರ್ತಿ ಕಥೆ ಹೇಳಲ್ಲ. ನಮ್ಮ ಹಾಸನದ ಮನೆಯಲ್ಲಿ ಚಿಕ್ಕಮ್ಮನ ಮದುವೆ ಆದಾಗ ಒಂದೇ ಹಾಲ್‌ನಲ್ಲಿ ಜಮಖಾನ ಹಾಸಿ ಇಪ್ಪತ್ತು ಜನ ಮಲಗಿದ್ವಿ. ಯಾರ ಕಾಲು ಯಾರ ತಲೆ ಹತ್ತಿರ ಅಂತ ಲೆಕ್ಕ ಇರಲಿಲ್ಲ. ಒಬ್ಬರಿಗೂ ಇಕ್ಕಟ್ಟು ಅನಿಸಲಿಲ್ಲ, ಬೆಳಗಿನ ಜಾವದವರೆಗೂ ನಗ್ತಾ ಇದ್ವಿ. ಅದೇ ಪಿಜಿಯಲ್ಲಿ ಮೂವರೇ ಇದ್ದರೂ ಉಸಿರು ಕಟ್ಟಿದ ಹಾಗೆ ಆಗುತ್ತೆ. ಹಾಗಾದ್ರೆ ಎರಡು ಬೇರೆ ಬೇರೆ ವಿಷಯ ಇರಬೇಕು ಅಲ್ವಾ? ಡೇನಿಯಲ್ ಸ್ಟೋಕೋಲ್ಸ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ 1972ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಒಂದು ಜಾಗದಲ್ಲಿ ಎಷ್ಟು ಜನ ಇದ್ದಾರೆ ಅನ್ನೋದು ಸಾಂದ್ರತೆ. ಅದನ್ನು ಟೇಪ್ ಹಿಡಿದು ಅಳೆಯಬಹುದು. ಬೇಕಾದಷ್ಟು ಜಾಗ ನನಗೆ ಸಿಗ್ತಿಲ್ಲ ಅನ್ನೋ ಒಳಗಿನ ಅನುಭವ ಬೇರೆ. ಅದಕ್ಕೆ ಕನ್ನಡದಲ್ಲಿ ಏನು ಹೇಳೋದು ಅಂತ ತಲೆ ಕೆಡಿಸಿಕೊಂಡ್ವಿ. ಕೊನೆಗೆ ಅಜ್ಜಿ ಹೇಳೋ "ಇಕ್ಕಟ್ಟು" ಸಿಕ್ಕಿತು. ಈ ಪದಕ್ಕೆ ಎರಡು ಅರ್ಥ ಇದೆ ನೋಡಿ. ಜಾಗ ಸಾಲದಿದ್ದರೂ ಇಕ್ಕಟ್ಟು, ಆ ಕಡೆಗೂ ಈ ಕಡೆಗೂ ಹೋಗೋಕಾಗದೆ ಸಿಕ್ಕಿಹಾಕಿಕೊಂಡರೂ ಇಕ್ಕಟ್ಟು. ನಮಗೆ ಬೇಕಾಗಿದ್ದು ಎರಡೂ ಒಟ್ಟಿಗೇ ಇರೋ ಪದ.

ಸಾಂದ್ರತೆ ಒಂದೇ ಇದ್ದರೂ ಇಕ್ಕಟ್ಟು ಬೇರೆಯಾಗಬಹುದು ಅನ್ನೋದಕ್ಕೆ ಒಳ್ಳೆ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳದ್ದು. 1970ರ ದಶಕದಲ್ಲಿ ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವಾಲಿನ್ಸ್ ಅಲ್ಲಿ ಎರಡು ತರದ ಕಟ್ಟಡ ಹೋಲಿಸಿ ನೋಡಿದರು. ಒಂದರಲ್ಲಿ ಉದ್ದ ಕಾರಿಡಾರ್, ಎರಡೂ ಬದಿ ರೂಮುಗಳು, ಸುಮಾರು ಮೂವತ್ತನಾಲ್ಕು ಜನಕ್ಕೆ ಒಂದೇ ಬಾತ್‌ರೂಮ್ ಮತ್ತು ಲೌಂಜ್. ಇನ್ನೊಂದರಲ್ಲಿ ನಾಲ್ಕರಿಂದ ಆರು ಜನರ ಚಿಕ್ಕ ಚಿಕ್ಕ ಗುಂಪಿಗೆ ಅವರದೇ ಬಾತ್‌ರೂಮ್, ಲೌಂಜ್. ತಲೆಗೆ ಸಿಗೋ ಜಾಗ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆದರೂ ಕಾರಿಡಾರ್‌ನವರಿಗೆ ಇಕ್ಕಟ್ಟು ಜಾಸ್ತಿ ಅನಿಸ್ತಿತ್ತು. ಬಾಗಿಲು ತೆಗೆದರೆ ಯಾರು ಎದುರಾಗ್ತಾರೋ ಗೊತ್ತಿಲ್ಲ, ಬೇಡ ಅನಿಸಿದಾಗಲೂ ಮಾತಾಡಬೇಕು. ಇದಕ್ಕಿಂತ ಮನಸ್ಸಿಗೆ ನಾಟಿದ್ದು ಮುಂದಿನ ಭಾಗ. ಅದೇ ಹುಡುಗರನ್ನು ಹಾಸ್ಟೆಲ್‌ನಿಂದ ಹೊರಗೆ ಒಂದು ಪ್ರಯೋಗಕ್ಕೆ ಅಂತ ಕರೆದು, ಗುರುತಿಲ್ಲದ ಒಬ್ಬರ ಜೊತೆ ಕಾಯೋಕೆ ಕೂರಿಸಿದಾಗ, ಕಾರಿಡಾರ್‌ನವರು ದೂರ ಹೋಗಿ ಕೂತರು, ಅವರ ಮುಖ ನೋಡೋದೂ ಕಡಿಮೆ. ಹಾಸ್ಟೆಲ್‌ನಲ್ಲಿ ಕಲಿತ ದೂರ ಹೊರಗೂ ಬಂದುಬಿಟ್ಟಿತ್ತು.

ಈಗ ನಮ್ಮ ಶಿರಸಿಯವನ ವಿಷಯ. ನಾವು ಇಬ್ಬರು ಒಂದೇ ಕ್ಲಾಸು, ಒಂದೇ ಲ್ಯಾಬ್ ಬ್ಯಾಚು, ಒಟ್ಟಿಗೇ ಊಟಕ್ಕೆ ಹೋಗೋದು, ಒಟ್ಟಿಗೇ ಬರೋದು. ಅವನನ್ನು ಬೇಕಂತ ಬಿಟ್ಟಿದ್ದಲ್ಲ. ಮೊದಲ ವಾರ ಕರೆದ್ವಿ, ಅವನ ಕ್ಲಾಸ್ ಮುಗಿದಿರಲಿಲ್ಲ. ಎರಡನೇ ವಾರ ಕರೆಯೋದು ಮರೆತ್ವಿ. ತಿಂಗಳು ಕಳೆಯೋದ್ರಲ್ಲಿ ಅವನು ರಾತ್ರಿ ಮೆಟ್ಟಿಲ ಮೇಲೆ ಕೂತು ಓದೋಕೆ ಶುರುಮಾಡಿದ. ಅಲ್ಲಿ ಸೆನ್ಸರ್ ಲೈಟು, ಎರಡು ನಿಮಿಷಕ್ಕೊಮ್ಮೆ ಆರಿಹೋಗುತ್ತೆ, ಕೈ ಬೀಸಿದರೆ ಮತ್ತೆ ಹತ್ತುತ್ತೆ. ಓದ್ತಾ ಓದ್ತಾ ಕೈ ಬೀಸೋದನ್ನು ನೋಡಿ ನಾವು ನಕ್ಕಿದ್ದೀವಿ. "ಭಾಳ ಸೀನ್ ಹೊಡಿತಾನಲೇ" ಅಂತ ಗದಗದವನು ಅಂದಿದ್ದೂ ನಿಜ.

ಇಬ್ಬರ ರೂಮಿಗೆ ಮೂವರನ್ನು ಹಾಕೋದು ನಮ್ಮ ಅಂಕಲ್ ಕಂಡುಹಿಡಿದಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲೂ ಹಾಸ್ಟೆಲ್ ಸಾಲದೆ ಹೀಗೇ ಮಾಡಿದ್ದರು, ಅಲ್ಲಿನ ಸಂಶೋಧಕರು ಅದನ್ನೇ ಅಧ್ಯಯನ ಮಾಡಿಬಿಟ್ಟರು. ಮೂವರಿದ್ದ ರೂಮಿನವರ ಮಾರ್ಕ್ಸ್ ಆ ವರ್ಷ ಇಬ್ಬರಿದ್ದ ರೂಮಿನವರಿಗಿಂತ ಕಡಿಮೆ ಇತ್ತು. ಆ ರೂಮು ಬಿಟ್ಟ ಮೇಲೆ ಅವರ ಮಾರ್ಕ್ಸ್ ಸುಧಾರಿಸಿತು. ಅಂದ್ರೆ ತಲೆ ಕೆಟ್ಟಿರಲಿಲ್ಲ, ಜಾಗ ಕೆಟ್ಟಿತ್ತು. ಮೂವರ ರೂಮುಗಳನ್ನು ಇನ್ನೂ ಹತ್ತಿರದಿಂದ ನೋಡಿದವರಿಗೆ ಕಂಡದ್ದು ಇದು: ಮೂವರಲ್ಲಿ ಇಬ್ಬರು ಜೋಡಿಯಾಗ್ತಾರೆ, ಒಬ್ಬ ಹೊರಗೆ ಉಳೀತಾನೆ. ಇಕ್ಕಟ್ಟು ಅತಿ ಹೆಚ್ಚು ಅನಿಸೋದು ಆ ಒಬ್ಬನಿಗೆ. ಈ ಸಾಲು ಓದಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಿರಿಯರು ಕೇಳಬಹುದು, ಇದೆಲ್ಲ ಏನು ದೊಡ್ಡ ಕಷ್ಟ ಅಂತ. ವಾರಾನ್ನ ಅಂತ ಒಂದು ಪದ್ಧತಿ ನಮ್ಮಲ್ಲಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ, ಯಾವುದೋ ಜಗಲಿ ಮೇಲೆ ಮಲಗಿ ಹುಡುಗರು ಓದ್ತಿದ್ದರು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ ಓದ್ತಾರೆ. ಬೀದಿ ದೀಪದ ಕೆಳಗೆ ಓದಿದವರ ಕಥೆ ಅಂತೂ ಪ್ರತಿ ಮನೆಯಲ್ಲೂ ಒಂದಿದೆ. ಒಪ್ಪಿದ್ವಿ, ಆದರೆ ಎರಡು ಮಾತು. ಒಂದು, ದೊಡ್ಡ ನಿಲಯಗಳಲ್ಲಿ ಮಲಗೋ ಹೊತ್ತು, ಏಳೋ ಹೊತ್ತು, ಓದೋ ಹೊತ್ತು ಎಲ್ಲರಿಗೂ ಒಂದೇ. ಒಬ್ಬ ಮಲಗಿರುವಾಗ ಇನ್ನೊಬ್ಬ ರೀಲ್ಸ್ ನೋಡ್ತಾ ನಗಲ್ಲ. ಎರಡು, ಬೀದಿ ದೀಪದ ಕಥೆ ಹೇಳೋಕೆ ಉಳಿದವರು ಪಾಸಾದವರು. ಓದು ಬಿಟ್ಟು ಊರಿಗೆ ವಾಪಸ್ ಹೋದವರ ಕಥೆಯನ್ನು ಯಾವ ಸನ್ಮಾನ ಸಮಾರಂಭದಲ್ಲೂ ಯಾರೂ ಹೇಳಲ್ಲ.

ಇಂಜಿನಿಯರಿಂಗ್ ಮ್ಯಾಗಜೀನ್ ಅಂದ ಮೇಲೆ ಒಂದಾದರೂ ಕ್ಯಾಲ್ಕುಲೇಷನ್ ಬೇಡವಾ? ಗಾಳಿಯ ಲೆಕ್ಕ ಹಾಕೋಣ. ರೂಮಿನ ಎತ್ತರ 10 ಅಡಿ, ಅಂದ್ರೆ ಒಳಗೆ 1,200 ಘನ ಅಡಿ, ಸುಮಾರು 34,000 ಲೀಟರ್ ಗಾಳಿ. ಮಲಗಿರೋ ಒಬ್ಬ ಮನುಷ್ಯ ಗಂಟೆಗೆ ಸುಮಾರು 13 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ. ಮೂವರು ಸೇರಿ 40 ಲೀಟರ್ ಅಂತಿಟ್ಟುಕೊಳ್ಳಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ ಇರುತ್ತೆ. ಕಿಟಕಿ ಬಾಗಿಲು ಮುಚ್ಚಿದ್ದರೂ ಸಂದಿಯಿಂದ ಗಂಟೆಗೆ ರೂಮಿನ ಅರ್ಧದಷ್ಟು ಗಾಳಿ ಬದಲಾಗುತ್ತೆ ಅಂದುಕೊಂಡರೆ, ಬೆಳಗಾಗೋ ಹೊತ್ತಿಗೆ ಒಳಗೆ 2,700 ಪಿಪಿಎಂ ಹತ್ತಿರ ಬಂದಿರುತ್ತೆ. ಇಬ್ಬರೇ ಇದ್ದಿದ್ದರೆ 1,900 ಆಸುಪಾಸು. ಮೂವರಿದ್ದು ಕಿಟಕಿ ತೆಗೆದು, ಗಂಟೆಗೆ ನಾಲ್ಕು ಸಲ ಗಾಳಿ ಬದಲಾದರೆ? 700ರ ಸುತ್ತ! ಕಿಟಕಿ ಒಬ್ಬ ಮನುಷ್ಯನಿಗಿಂತ ದೊಡ್ಡದು ಅಂತ ಈ ಲೆಕ್ಕದಲ್ಲಿ ನಮಗೆ ಗೊತ್ತಾಯಿತು. ನೀವೂ ನಿಮ್ಮ ರೂಮಿನ ಅಳತೆ ಹಾಕಿ ನೋಡಿ, ಐದು ನಿಮಿಷದ ಕೆಲಸ.

ಇದರಿಂದ ಓದಿಗೆ ಏನಾಗುತ್ತೆ? 2012ರಲ್ಲಿ ಉಷಾ ಸತೀಶ್ ಮತ್ತು ಜೊತೆಯವರು 22 ಜನರನ್ನು 600, 1,000, 2,500 ಪಿಪಿಎಂ ಇರೋ ಕೋಣೆಗಳಲ್ಲಿ ಕೂರಿಸಿ ಪರೀಕ್ಷೆ ಕೊಟ್ಟಾಗ, 2,500ರಲ್ಲಿ ನಿರ್ಧಾರ ತಗೊಳ್ಳೋ ಸಾಮರ್ಥ್ಯ ಚೆನ್ನಾಗಿಯೇ ಕುಸಿದಿತ್ತು. ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಅಷ್ಟೇ ಪರಿಣಾಮ ತೋರಿಸಿಲ್ಲ, ಹಾಗಾಗಿ ಕಾರ್ಬನ್ ಡೈಆಕ್ಸೈಡೇ ವಿಲನ್ ಅಂತ ನಾವು ಹೇಳಲ್ಲ. ನಮ್ಮ ಕೇಸಿಗೆ ಹತ್ತಿರ ಇರೋದು 2016ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನ. ವಿದ್ಯಾರ್ಥಿಗಳು ಮಲಗೋ ಹಾಸ್ಟೆಲ್ ರೂಮುಗಳಲ್ಲೇ ರಾತ್ರಿ ಗಾಳಿ ಆಡೋ ಹಾಗೆ ಮಾಡಿ, 2,500ರ ಆಸುಪಾಸು ಇದ್ದದ್ದನ್ನು ಸಾವಿರದೊಳಗೆ ಇಳಿಸಿದಾಗ, ನಿದ್ದೆ ಸುಧಾರಿಸಿತು, ಮರುದಿನದ ತಾರ್ಕಿಕ ಯೋಚನೆಯ ಟೆಸ್ಟ್‌ನಲ್ಲೂ ಫಲಿತಾಂಶ ಚೆನ್ನಾಗಿ ಬಂತು. ಬೆಳಿಗ್ಗೆ ಮ್ಯಾಥ್ಸ್ ಕ್ಲಾಸಲ್ಲಿ ಜೋಲೋದಕ್ಕೆ ಮೇಷ್ಟ್ರ ದನಿ ಒಂದೇ ಕಾರಣ ಅಲ್ಲ ಅಂತಾಯಿತು.

ಸರಿ, ನಮ್ಮ ಕಿಟಕಿ ಯಾಕೆ ಮುಚ್ಚಿರ್ತಿತ್ತು? ಸೊಳ್ಳೆ. ಕಿಟಕಿ ಪಕ್ಕ ಮಲಗೋದು ಶಿರಸಿಯವನು, ಕಚ್ಚಿಸಿಕೊಳ್ಳೋದೂ ಅವನೇ. ಅವನು ಮುಚ್ಚಿದರೆ ನಾವು "ಸೆಕೆ ಆಗ್ತಿದೆ ತೆಗಿಯೋ" ಅಂತ ಕೂಗೋದು, ತೆಗೆದರೆ ಅವನು ತಲೆವರೆಗೂ ಹೊದ್ದುಕೊಳ್ಳೋದು. ಮೂರು ತಿಂಗಳು ಹೀಗೇ. ಕೊನೆಗೆ ವೆಲ್ಕ್ರೋ ಅಂಟಿಸೋ ಸೊಳ್ಳೆ ಜಾಲರಿ ತಂದು ಹಾಕಿದ್ವಿ, ಮುನ್ನೂರು ರೂಪಾಯಿ ಆಯಿತು, ತಲೆಗೆ ನೂರು. ಅಷ್ಟು ಹೊತ್ತಿಗೆ ಇಂಟರ್ನಲ್ಸ್ ಎಲ್ಲ ಮುಗಿದಿತ್ತು.

ಶಬ್ದದ ಬಗ್ಗೆ ಜಾಸ್ತಿ ಎಳೆಯಲ್ಲ, ಒಂದು ವಿಷಯ ಮಾತ್ರ. ಫ್ಯಾನ್ ಸದ್ದಿನಲ್ಲಿ ಓದಬಹುದು, ಮಾತಿನಲ್ಲಿ ಆಗಲ್ಲ, ಯಾಕಂದ್ರೆ ಅರ್ಥವಾಗೋ ಮಾತನ್ನು ಮಿದುಳು ಬೇಡ ಅಂದ್ರೂ ಕೇಳಿಸಿಕೊಳ್ಳುತ್ತೆ. ಅದರಲ್ಲೂ ಫೋನ್ ಮಾತು ಕೆಟ್ಟದ್ದು. 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದ ಪ್ರಕಾರ, ಇಬ್ಬರ ಮಾತು ಪೂರ್ತಿ ಕೇಳೋದಕ್ಕಿಂತ ಒಂದೇ ಕಡೆಯ ಮಾತು ಕೇಳೋದು ಗಮನವನ್ನು ಹೆಚ್ಚು ಕೆಡಿಸುತ್ತೆ. ಉಳಿದರ್ಧ ಏನಿರಬಹುದು ಅಂತ ತಲೆ ತಾನಾಗಿಯೇ ಊಹಿಸ್ತಾ ಕೂರುತ್ತೆ. ನಮ್ಮಲ್ಲಿ ದಿನಾ ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ ಒಬ್ಬರ "ಹ್ಞೂಂ... ಹ್ಞೂಂ... ಅಲ್ಲ ಹಂಗಲ್ಲ" ನಡೀತಿತ್ತು. ಯಾರದು ಅಂತ ಬರೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀವಿ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಅನ್ನೋರು ಅಮೆರಿಕದಲ್ಲಿ ಸುಮಾರು ಐವತ್ತು ವರ್ಷದ ಹಿಂದೆ ಒಂದು ಪ್ರಯೋಗ ಮಾಡಿದರು. ಎರಡು ಗುಂಪಿನವರಿಗೂ ಒಂದೇ ತರದ ಕರ್ಕಶ ಶಬ್ದ ಕೇಳಿಸಿದರು. ಒಂದು ಗುಂಪಿಗೆ ಒಂದು ಬಟನ್ ಕೊಟ್ಟು, ತೀರಾ ತಡೆಯೋಕಾಗದಿದ್ರೆ ಇದನ್ನು ಒತ್ತಿ ಶಬ್ದ ನಿಲ್ಲಿಸಬಹುದು, ಆದರೆ ಒತ್ತದಿದ್ರೆ ಒಳ್ಳೆಯದು ಅಂದರು. ಬಹುತೇಕ ಯಾರೂ ಒತ್ತಲಿಲ್ಲ. ಅಂದ್ರೆ ಎರಡೂ ಗುಂಪು ಕೇಳಿದ ಶಬ್ದ ಒಂದೇ. ಆದರೂ ಆಮೇಲೆ ಕೊಟ್ಟ ಕೆಲಸದಲ್ಲಿ ಬಟನ್ ಇದ್ದವರು ಕಡಿಮೆ ತಪ್ಪು ಮಾಡಿದರು, ಕಷ್ಟದ ಒಗಟುಗಳನ್ನು ಬೇಗ ಕೈಬಿಡಲಿಲ್ಲ. ಬೇಕಾದರೆ ನಿಲ್ಲಿಸಬಹುದು ಅನ್ನೋದೇ ಅರ್ಧ ಹೊರೆ ಇಳಿಸಿತ್ತು. ಮದುವೆ ಮನೆಯಲ್ಲಿ ಇಪ್ಪತ್ತು ಜನರ ಮಧ್ಯೆ ನಮಗೆ ಏನೂ ಅನಿಸದೆ ಇದ್ದದ್ದು ಯಾಕೆ ಅಂತ ಇಲ್ಲಿ ಹೊಳೆಯಿತು. ಎದ್ದು ಅಂಗಳಕ್ಕೆ ಹೋಗಬಹುದಿತ್ತು, ಎರಡು ದಿನಕ್ಕೆ ಮುಗಿಯುತ್ತೆ ಅಂತಲೂ ಗೊತ್ತಿತ್ತು.

ಇದನ್ನು ಓದಿದ ಮೇಲೆ ನಮ್ಮ ರೂಮಿನಲ್ಲಿ ಯಾವ ಬಟನ್ ಯಾರ ಕೈಯಲ್ಲಿತ್ತು ಅಂತ ಪಟ್ಟಿ ಮಾಡಿದ್ವಿ. ಲೈಟ್ ಮತ್ತು ಫ್ಯಾನ್ ಸ್ವಿಚ್ ಗದಗದವನ ತಲೆ ಹತ್ತಿರ. ಇದ್ದ ಒಂದೇ ಪ್ಲಗ್ ಪಾಯಿಂಟ್ ಹಾಸನದವನ ಮಂಚದ ಪಕ್ಕ. ಬಾಗಿಲ ಚಿಲಕ ನಮ್ಮಿಬ್ಬರ ಕಡೆ. ಶಿರಸಿಯವನ ಹತ್ತಿರ ಇದ್ದದ್ದು ಕಿಟಕಿ ಒಂದೇ, ಅದಕ್ಕೂ ನಾವು ಕೂಗ್ತಿದ್ವಿ. 120 ಚದರ ಅಡಿಯಲ್ಲಿ ಅವನಿಗೂ 40 ಸಿಕ್ಕಿತ್ತು, ಲೆಕ್ಕ ಸರಿ ಇತ್ತು.

ಅವನು ಸೆಕೆಂಡ್ ಸೆಮ್‌ಗೆ ಪಿಜಿ ಬಿಟ್ಟ. ಈಗ ಊರಾಚೆ ಸಂಬಂಧಿಕರ ಮನೆಯಲ್ಲಿದ್ದಾನೆ. ಎರಡು ಬಸ್ಸು, ಒಂದು ಮೆಟ್ರೋ, ಒಂದೂವರೆ ಗಂಟೆ. ಎರಡೂ ಬ್ಯಾಕ್ ಕ್ಲಿಯರ್ ಮಾಡಿಕೊಂಡಿದ್ದಾನೆ. ಈ ಲೇಖನಕ್ಕೆ ಅಂತ ಕ್ಯಾಂಟೀನ್‌ನಲ್ಲಿ ಹಿಡಿದು ಕೂರಿಸಿ, ನಿನ್ನ ಬಗ್ಗೆ ಬರೀಬಹುದಾ ಅಂತ ಕೇಳಿದ್ವಿ. "ಬರೀರಿ, ಹೆಸರು ಬೇಡ" ಅಂದ. ಚಹಾ ಕುಡೀತಾ ಕುಡೀತಾ ಅವನೇ ಒಂದು ಮಾತು ಹೇಳಿದ. "ನೀವಿಬ್ರೂ ಮೆಟ್ಟಿಲು ಹತ್ತಿ ಬರೋ ಸೌಂಡ್ ಕೇಳಿದ್ರೆ ನಾನು ನಿದ್ದೆ ಮಾಡೋ ಹಾಗೆ ಮಲಗಿಬಿಡ್ತಿದ್ದೆ. ಒಂಬತ್ತು ಗಂಟೆಗೇ. ಆಮೇಲೆ ಓದೋಕೆ ಏಳೋಕೂ ಆಗ್ತಿರಲಿಲ್ಲ, ಎದ್ದರೆ ನಾಟಕ ಅಂತ ಗೊತ್ತಾಗ್ತಿತ್ತಲ್ಲ." ನಾವು ಅವನನ್ನು ಬೇಗ ಮಲಗೋ ಒಳ್ಳೆ ಹುಡುಗ ಅಂದುಕೊಂಡಿದ್ವಿ.

ಇದೇ ಪರಿಸ್ಥಿತಿಯಲ್ಲಿ ಇರೋರಿಗೆ ಉಪಯೋಗಕ್ಕೆ ಬರಬಹುದು ಅಂತ ಕೆಲವು ಮಾತು. ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ಸಹಾಯಧನ ಇದೆ. ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡ್ತಿದ್ದರು. ಕೊನೆ ದಿನದ ತನಕ ಕಾಯದೆ ಎಸ್‌ಎಸ್‌ಪಿ ಪೋರ್ಟಲ್ ನೋಡ್ತಾ ಇರಿ. ತ್ರೀ ಶೇರಿಂಗ್‌ನಿಂದ ಟೂ ಶೇರಿಂಗ್‌ಗೆ ಹೋಗೋ ವ್ಯತ್ಯಾಸದ ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಬರುತ್ತೆ. ನಿದ್ದೆ ಬರ್ತಿಲ್ಲ, ಯಾರ ಹತ್ತಿರವೂ ಮಾತಾಡೋಕಾಗ್ತಿಲ್ಲ, ಎಲ್ಲ ಬಿಟ್ಟು ಹೋಗಬೇಕು ಅನಿಸುತ್ತೆ ಅನ್ನೋ ಹಂತ ಬಂದಿದ್ರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಕಾಲೇಜಿನವರ ಹತ್ತಿರ ನಮ್ಮ ಕೋರಿಕೆ ಚಿಕ್ಕದು. ರೀಡಿಂಗ್ ರೂಮ್ ಸಂಜೆ ಏಳಕ್ಕೆ ಮುಚ್ಚೋ ಬದಲು ರಾತ್ರಿ ಹನ್ನೊಂದರವರೆಗೆ ತೆಗೆದಿಟ್ಟರೆ ಪಿಜಿ ರೂಮುಗಳು ತಾವಾಗಿಯೇ ಸ್ವಲ್ಪ ದೊಡ್ಡದಾಗ್ತವೆ.

ರೂಮಿನೊಳಗೆ ನಾವು ಮಾಡಿದ್ದರಲ್ಲಿ ಕೆಲಸ ಮಾಡಿದ್ದು ಎರಡೇ. ಒಬ್ಬೊಬ್ಬರಿಗೆ ಮಂಚಕ್ಕೆ ಸಿಕ್ಕಿಸೋ ಚಾರ್ಜಿಂಗ್ ಲೈಟು, ಹನ್ನೊಂದಕ್ಕೆ ಟ್ಯೂಬ್‌ಲೈಟ್ ಬಂದ್. ಇನ್ನೊಂದು, ಭಾನುವಾರ ಒಬ್ಬೊಬ್ಬರಿಗೆ ಒಂದೊಂದು ಗಂಟೆ ರೂಮು ಪೂರ್ತಿ, ಉಳಿದವರು ಹೊರಗೆ. ಮೊದಲು ಇದು ತಮಾಷೆ ಅನಿಸಿತು. ಗದಗದವನು ತನ್ನ ಮೊದಲ ಗಂಟೆಯಲ್ಲಿ ಅವ್ವನ ಜೊತೆ ಫೋನಲ್ಲಿ ಮಾತಾಡಿದ, ಪೂರ್ತಿ ಒಂದು ಗಂಟೆ. ಬೇರೆ ದಿನ ಎರಡು ನಿಮಿಷಕ್ಕೆ "ಆಮ್ಯಾಲ ಮಾಡ್ತೀನಬೇ" ಅಂತ ಇಡ್ತಿದ್ದ. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದು, ಮೌನದ ಗಂಟೆ ಅಂತ ಮಾಡಿದ್ದು ಎಲ್ಲ ಹತ್ತು ದಿನಕ್ಕೆ ಸತ್ತುಹೋಯಿತು. ಅಳತೆ ಬರೆದ ಚೀಟಿ ಓನರ್ ಅಂಕಲ್‌ಗೂ ತೋರಿಸಿದ್ವಿ. ಅವರು ಓದಿ, ಮಡಚಿ ಜೇಬಿಗೆ ಹಾಕ್ಕೊಂಡು "ನೋಡೋಣ" ಅಂದರು.

ಹೋದ ವಾರ ಮೂರನೇ ಮಂಚಕ್ಕೆ ಹೊಸ ಜೂನಿಯರ್ ಬಂದಿದ್ದಾನೆ, ರಾಯಚೂರಿನವನು. ಸ್ವಿಚ್‌ಬೋರ್ಡ್ ಪಕ್ಕದ ಮಂಚ ಅವನಿಗೆ ಕೊಟ್ಟು, ಗದಗದವನು ಕಿಟಕಿ ಕಡೆ ಹೋದ. ಹನ್ನೊಂದರ ನಿಯಮ ಹೇಳೋಕೆ ಮರೆತಿದ್ವಿ. ಮೊದಲ ರಾತ್ರಿ ಹುಡುಗ ಎರಡು ಗಂಟೆವರೆಗೂ ಟ್ಯೂಬ್‌ಲೈಟ್ ಉರಿಸಿಕೊಂಡು ಗ್ರಾಫಿಕ್ಸ್ ಶೀಟ್ ಹಾಕ್ತಾ ಕೂತಿದ್ದ. ಗದಗದವನು ಏನೂ ಅನ್ನದೆ ಮುಖದ ಮೇಲೆ ದಿಂಬು ಹಾಕ್ಕೊಂಡು ಮಲಗಿದ.